ಅಪ್ಪನ ಪತ್ರವನ್ನು ನಾನು ಓದಿದ ಭಾನುವಾರ

ನಾನು ಬೆಳೆದ ಮನೆ ವಾರಕ್ಕೊಮ್ಮೆ, ಭಾನುವಾರ ನಾಲ್ಕು ಗಂಟೆಯಿಂದ ಐದೂವರೆಯವರೆಗೆ, ನಮ್ಮ ಕ್ರೈಸ್ತ ಸಭೆಯ ದೇವಾಲಯವಾಗುತ್ತಿತ್ತು. ಉಳಿದ ಹೊತ್ತೆಲ್ಲ ಅದು ಮುಂಬೈ ಹೊರವಲಯದ ಕಳವಾ ಎಂಬ ಊರಿನ ಒಂದು ಚಾಳಿನ ಮೊದಲ ಮಾಳಿಗೆಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅಪ್ಪನ ಕಬ್ಬಿಣದ ಮಂಚ, ಒಂದು ಮೇಜು, ಮೇಜಿನ ಮೇಲೆ ಕಪ್ಪು ರಟ್ಟಿನ ವೇದಪುಸ್ತಕ ಮತ್ತು ಅಪ್ಪನ ಕನ್ನಡಕದ ಡಬ್ಬಿ. ಹಿಂದಿನ ಕೋಣೆಯಲ್ಲಿ ಸ್ಟವ್, ನೀರಿನ ಪೀಪಾಯಿ, ಸ್ನಾನದ ಮೋರಿ, ಎರಡು ಟ್ರಂಕು. ಎರಡರ ನಡುವೆ ಬಾಗಿಲಿರಲಿಲ್ಲ. ಅಮ್ಮ ತನ್ನ ಹಳೆಯ ಹಸಿರು ಸೀರೆಯನ್ನು ಮಡಚಿ ಹೊಲಿದ ಪರದೆ ಇತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿದ ಕೂಡಲೇ ಮಂಚವನ್ನು ನಿಲ್ಲಿಸಿ ಹೊರಗಿನ ಗ್ಯಾಲರಿಗೆ ಸಾಗಿಸುವುದು ನಮ್ಮ ಮನೆಯ ನೇಮ. ಅಪ್ಪ ತಲೆಯ ಕಡೆ, ನಾನೂ ಅಮ್ಮನೂ ಕಾಲಿನ ಕಡೆ. ಆಮೇಲೆ ಅಮ್ಮ ನೆಲ ಒರಸುವಳು, ನಾನು ಚಾಪೆ ಹಾಸುವೆನು. ಪಕ್ಕದ ಕೋಣೆಯ ಗಿರಿಜಕ್ಕ ತನ್ನ ಬಾಗಿಲ ಮುಂದಿನ ಜಾಗವನ್ನು ನಮ್ಮವರ ಚಪ್ಪಲಿಗಳಿಗೆ ಬಿಟ್ಟುಕೊಡುತ್ತಿದ್ದಳು. ಆಕೆ ಉಡುಪಿ ಕಡೆಯವಳು, ಗಂಡ ಪಕ್ಕದ ಠಾಣೆ ಪಟ್ಟಣದ ನಾಲ್ಕುರಸ್ತೆಯ ಹತ್ತಿರ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಅವರ ಮನೆಯ ಕೃಷ್ಣನ ಪಟದ ಕೆಳಗೇ ನಮ್ಮ ಸಭೆಯವರ ಚಪ್ಪಲಿಗಳು ಸಾಲಾಗಿರುತ್ತಿದ್ದವು. ಅದರ ಬಗ್ಗೆ ಆಕೆ ಒಂದು ಮಾತೂ ಎತ್ತಿದವಳಲ್ಲ.

ಅಪ್ಪ ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟ್ಟರ್. ಮನೆಯಲ್ಲಿ ನಮ್ಮ ಮಾತು ತುಳು, ಆರಾಧನೆ ಮಾತ್ರ ಕನ್ನಡ. ಮುಂಬೈಯ ಕನ್ನಡ ದೇವಾಲಯ ದೂರ. ಕಳವಾ, ಮುಂಬ್ರಾ, ಠಾಣೆಯಲ್ಲಿ ಚದುರಿಕೊಂಡಿದ್ದ ಕೆಲವು ಕುಟುಂಬಗಳು ಅಷ್ಟು ದೂರ ಮಕ್ಕಳನ್ನು ಎತ್ತಿಕೊಂಡು ಹೋಗಲಾರದೆ ನಮ್ಮ ಮನೆಯಲ್ಲೇ ಸೇರತೊಡಗಿದವು. ಅರ್ಧದಷ್ಟು ಜನ ನಮ್ಮ ಹಾಗೆ ಕರಾವಳಿಯವರು, ರೈಲ್ವೆಯಲ್ಲೋ ಆಫೀಸಿನಲ್ಲೋ ಇದ್ದವರು. ಉಳಿದವರು ಗದಗ, ಬಿಜಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು. ಪಾಲಕರು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಮುಂಬೈಯಿಂದ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಬೈಬಲಿನ ಪಾಠ ಓದಿ ಅದರ ಮೇಲೆ ಪ್ರಸಂಗ ಮಾಡುವುದು ಸಭೆಯ ಹಿರಿಯರಾದ ಅಪ್ಪನ ಕೆಲಸ. ಅವರಿಗೆ ಎಂಥ ಸ್ವರವಿತ್ತೆಂದರೆ, ಕಿಟಕಿಯಾಚೆ ಲೋಕಲ್ ಗಾಡಿ ಹೋಗುವಾಗ ಬೇರೆಯವರು ಮಾತು ನಿಲ್ಲಿಸುತ್ತಿದ್ದರು, ಅಪ್ಪ ನಿಲ್ಲಿಸುತ್ತಿರಲಿಲ್ಲ. ಗಾಡಿಯೇ ಸೋತು ಹೋದಂತೆ ನನಗೆ ಅನಿಸುತ್ತಿತ್ತು. ದೇವರಿಗೆ ಒಂದು ಸ್ವರವಿದ್ದರೆ ಅದು ಅಪ್ಪನ ಸ್ವರವೇ ಎಂದು ಹತ್ತು ಹನ್ನೊಂದರ ವಯಸ್ಸಿನವರೆಗೂ ನಂಬಿದ್ದೆ. ಸಮಯಕ್ಕೆ ಸರಿಯಾಗಿ ಬರಬೇಕು, ತಲೆಯ ಮೇಲೆ ಸೆರಗಿರಬೇಕು, ಕೀರ್ತನೆಯ ರಾಗ ಎಳೆಯಬಾರದು, ಮಕ್ಕಳು ಅಳಬಾರದು. ಮುಂದೆ ನಿಂತವನು ಸಡಿಲ ಬಿಟ್ಟರೆ ಹಿಂದಿದ್ದವರೆಲ್ಲ ಹಾಳಾಗುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ.

ಅಮ್ಮ ಆರಾಧನೆಯಲ್ಲಿ ಕೂರುತ್ತಿದ್ದದ್ದು ಪರದೆಯ ಹಿಂದೆ. ಇಪ್ಪತ್ತೈದು ಮೂವತ್ತು ಜನಕ್ಕೆ ಚಹಾ ಆಗಬೇಕಲ್ಲ. ಪ್ರಸಂಗ ಮುಗಿಯುತ್ತಾ ಬಂದಿತೆಂದು ಅಪ್ಪನ ಸ್ವರ ಇಳಿಯುವುದರಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಆಗ ಸ್ಟವ್‌ಗೆ ಪಂಪು ಹೊಡೆಯಲು ಶುರುಮಾಡುವಳು. ಆಶೀರ್ವಾದದ ಮಾತು ಮುಗಿದ ಮೇಲೆ ಗಂಡಸರು ಗ್ಯಾಲರಿಯಲ್ಲಿ ನಿಂತು ಅಪ್ಪನ ಪ್ರಸಂಗವನ್ನು ಹೊಗಳುವರು. ಹೆಂಗಸರು ಒಬ್ಬೊಬ್ಬರಾಗಿ ಪರದೆ ಸರಿಸಿ ಒಳಗೆ ಬರುವರು. ಯಾರ ಮಗ ಶಾಲೆ ಬಿಟ್ಟ, ಯಾರ ಮಂಡಿ ಬಾತಿದೆ, ಯಾರ ಗಂಡ ಮೂರು ದಿನದಿಂದ ಮಾತಾಡಿಲ್ಲ ಎಂಬುದೆಲ್ಲ ಅಲ್ಲಿ ಹೇಳಲಾಗುತ್ತಿತ್ತು. ಅಮ್ಮ ಶುಂಠಿ ಜಜ್ಜುತ್ತಾ ಕೇಳುವಳು. ಹೆಚ್ಚು ಹೇಳುತ್ತಿರಲಿಲ್ಲ. ಒಂದು ಸಭೆಗೆ ಎರಡು ಕೋಣೆಗಳಲ್ಲಿ ಎರಡು ಬಗೆಯ ಹಿರಿಯರಿದ್ದರು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಆಗ ಅದು ಬರೀ ಅಡುಗೆ ಕೋಣೆ.

ಆ ಅಡುಗೆ ಕೋಣೆಗೆ ಮೊದಲು ಬಂದು ಕೊನೆಗೆ ಹೋಗುತ್ತಿದ್ದವರು ಕಮಲವ್ವ. ಗದಗ ಕಡೆಯವರು, ಗಂಡ ತೀರಿಕೊಂಡಿದ್ದ, ಮುಂಬ್ರಾದಲ್ಲಿ ಒಂದು ಸಣ್ಣ ಖೋಲಿ, ಠಾಣೆಯಲ್ಲಿ ಎರಡು ಮನೆಗಳ ಕೆಲಸ. ಚಹಾದ ಲೋಟಗಳನ್ನೆಲ್ಲ ಅವರೇ ತೊಳೆಯುತ್ತಿದ್ದರು, ಬೇಡವೆಂದರೂ ಕೇಳುತ್ತಿರಲಿಲ್ಲ. ಅವರು ಹಾಡಿದರೆ ರಾಗ ಒಂದು ಕಡೆ, ಅವರೊಂದು ಕಡೆ. ಆದರೆ ಕಣ್ಣು ಮುಚ್ಚಿ ಹಾಡುತ್ತಿದ್ದರು. ಅಪ್ಪನಿಗೆ ಅವರ ಮೇಲಿದ್ದ ಒಂದೇ ದೂರೆಂದರೆ ತಡ. ತಿಂಗಳಲ್ಲಿ ಎರಡು ಮೂರು ಭಾನುವಾರ ಪಾಠ ನಡೆಯುತ್ತಿರುವಾಗಲೇ ಬಾಗಿಲಲ್ಲಿ ಅವರ ಬಳೆಯ ಸದ್ದಾಗುವುದು, ಅಪ್ಪ ಓದುವುದನ್ನು ನಿಲ್ಲಿಸುವರು, ಎಲ್ಲರೂ ತಿರುಗಿ ನೋಡುವರು, ಕಮಲವ್ವ ಬಗ್ಗಿ ಬಾಗಿಲ ಪಕ್ಕದಲ್ಲೇ ಕೂರುವರು.

ಒಂದು ಭಾನುವಾರ ಪಾಲಕರು ಬಂದಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ರೊಟ್ಟಿ, ಪಾತ್ರೆ ಎಲ್ಲ ಸಿದ್ಧವಾಗಿತ್ತು. ನನಗೆ ಹನ್ನೆರಡು ವರ್ಷ. ಅಪ್ಪ ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆ ಓದುತ್ತಿದ್ದಾಗ ಕಮಲವ್ವ ಬಂದರು. ಬೆವರಿ ಮುಖವೆಲ್ಲ ಕೆಂಪಾಗಿತ್ತು, ಸೀರೆಯ ಅಂಚು ಧೂಳಾಗಿತ್ತು. ಅಪ್ಪ ಪುಸ್ತಕ ಮುಚ್ಚಿದರು.

"ಕಮಲವ್ವ, ದೇವರ ಆರಾಧನೆಗೆ ಸಮಯ ಇಲ್ಲದವರಿಗೆ ಕರ್ತನ ಮೇಜಿನಲ್ಲಿ ಏನು ಕೆಲಸ? ಇವತ್ತು ನೀವು ಮುಂದೆ ಬರಬೇಡಿ."

ಸ್ವರ ಎತ್ತಿ ಹೇಳಲಿಲ್ಲ. ಎತ್ತಬೇಕಾದ ಅಗತ್ಯವಿರಲಿಲ್ಲ. ಪಾಲಕರು ಅಪ್ಪನ ಕಡೆ ಒಮ್ಮೆ ನೋಡಿ ರೊಟ್ಟಿಯ ತಟ್ಟೆ ಕೈಗೆತ್ತಿಕೊಂಡರು. ಪರದೆಯ ಹಿಂದೆ ಪಾತ್ರೆಯ ಸದ್ದು ನಿಂತಿತು. ಎಲ್ಲರೂ ಸಾಲಾಗಿ ಎದ್ದು ರೊಟ್ಟಿ ತೆಗೆದುಕೊಂಡರು. ಕಮಲವ್ವ ಬಾಗಿಲ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಶೀರ್ವಾದವಾಗುವ ತನಕ ಕೂತಿದ್ದು, ಆಮೇಲೆ ಅಡುಗೆ ಕೋಣೆಗೆ ಹೋಗದೆ ಮೆಟ್ಟಿಲಿಳಿದು ಹೋದರು. ಆ ದಿನ ಲೋಟಗಳನ್ನು ನಾನು ತೊಳೆದೆ.

ಮಾರನೆಯ ಬೆಳಿಗ್ಗೆ ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ಅಪ್ಪ ಶೆಡ್ಡಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ನಮ್ಮ ಮನೆಯಲ್ಲಿ ಜಗಳವೆಂದರೆ ಅಪ್ಪ ಮಾತಾಡುವುದು, ಅಮ್ಮ ಕೇಳುವುದು. ಆ ದಿನ ತಿರುಗುಮುರುಗಾಯಿತು. ತುಳುವಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವಳಿಗೆ ಯಾಕೆ ತಡ ಆಗ್ತದೆ ಅಂತ ನೀವು ಒಂದು ದಿನ ಆದ್ರೂ ಕೇಳಿದ್ದುಂಟಾ?"

"ಕೇಳ್ಲಿಕ್ಕೆ ಎಂತ ಉಂಟು? ಉಳಿದವರೆಲ್ಲ ಬರುವುದಿಲ್ವಾ?"

"ನಾನು ಅದನ್ನು ಕೇಳಿದ್ದಲ್ಲ. ನೀವು ಕೇಳಿದ್ದೀರಾ ಅಂತ ಕೇಳಿದ್ದು."

"ನಿನಗೆ ಗೊತ್ತಿದ್ರೆ ಹೇಳು."

"ನಾನು ಹೇಳುವುದಿಲ್ಲ. ಮುಂಬ್ರಾ ಇಲ್ಲಿಂದ ಒಂದೇ ಸ್ಟೇಷನ್. ನೀವೇ ಹೋಗಿ ಕೇಳಿ."

ಅಪ್ಪ ತಟ್ಟೆಯನ್ನು ಸರಿಸಿ ಎದ್ದರು. ದೋಸೆ ಅರ್ಧ ಉಳಿದಿತ್ತು. ಮುಂಬ್ರಾಕ್ಕೆ ಅವರು ಹೋಗಲಿಲ್ಲ. ಅಮ್ಮ ಹೋದಳೋ ಇಲ್ಲವೋ ನನಗೆ ತಿಳಿಯದು, ಹೋಗಿದ್ದರೆ ಹೇಳುವವಳಲ್ಲ.

ಮುಂದಿನ ಭಾನುವಾರ ಕಮಲವ್ವ ಬರಲಿಲ್ಲ. ಅದರ ಮುಂದಿನ ವಾರ ಗದಗ ಕಡೆಯ ಇನ್ನೂ ಮೂರು ಮನೆಯವರು ಬರಲಿಲ್ಲ. ಯಾರೂ ಜಗಳಕ್ಕೆ ನಿಲ್ಲಲಿಲ್ಲ, ಸುಮ್ಮನೆ ಬರಲಿಲ್ಲ. ನಾನು ಹಾಸುವ ಚಾಪೆಗಳು ಕಡಿಮೆಯಾದವು. ಅಪ್ಪ ಸ್ವರ ಏರಿಸಿದರು. ಇದ್ದವರೇ ಹತ್ತು ಹನ್ನೆರಡು ಜನ, ಆದರೂ ದೊಡ್ಡ ಮೈದಾನದಲ್ಲಿ ನಿಂತವರ ಹಾಗೆ ಕೂಗಿ ಹೇಳುವರು. ಮಳೆಗಾಲ ಶುರುವಾಗುವ ಹೊತ್ತಿಗೆ ಅವರ ಸ್ವರ ಒಡೆಯತೊಡಗಿತು. ಶೀತವೆಂದು ಅಮ್ಮ ಕಷಾಯ ಕೊಟ್ಟಳು, ಶೆಡ್ಡಿನ ಡಾಕ್ಟರರು ಮಾತ್ರೆ ಕೊಟ್ಟರು. ಒಂದು ದಿನ ಕೀರ್ತನೆ ಎತ್ತಿಕೊಡಲು ಹೋದರೆ ಬರೀ ಗಾಳಿ ಬಂತು. ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ಗಂಟಿದೆ, ತೆಗೆಯಬೇಕು ಎಂದರು. ತೆಗೆದರು. ಜೀವಕ್ಕೆ ಭಯವಿಲ್ಲ, ಸ್ವರ ಮಾತ್ರ ಬರುವ ಸಂಭವ ಕಡಿಮೆ ಎಂದು ಅಲ್ಲಿನ ಡಾಕ್ಟರಮ್ಮ ಅಮ್ಮನಿಗೆ ಹಿಂದಿಯಲ್ಲಿ ಹೇಳಿದಳು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ; ನಾನೇ ತುಳುವಿಗೆ ತಂದು ಹೇಳಬೇಕಾಯಿತು. ಅಮ್ಮ ಸೆರಗಿನಿಂದ ನನ್ನ ಮುಖ ಒರಸಿದಳು. ಅತ್ತದ್ದು ನಾನೋ ಅವಳೋ ಈಗ ನೆನಪಿಲ್ಲ.

ಆ ತಿಂಗಳುಗಳಲ್ಲಿ ನಮ್ಮ ಮನೆಯ ಅಡುಗೆಯೆಲ್ಲ ಗಿರಿಜಕ್ಕನ ಕೈಯದು. ನಮ್ಮಲ್ಲಿ ಮೀನು ಮಾಂಸ ಬೇಯುವ ಪಾತ್ರೆ ಬಿಟ್ಟು ತನ್ನ ಮನೆಯ ಪಾತ್ರೆಯಲ್ಲೇ ಗಂಜಿ, ಸಾರು ತರುತ್ತಿದ್ದಳು. ಪಾತ್ರೆ ವಾಪಸು ಕೊಡುವಾಗ ಅಮ್ಮ ಅದನ್ನು ಎರಡು ಸಲ ತೊಳೆಯುವಳು, ಗಿರಿಜಕ್ಕ ಮತ್ತೊಮ್ಮೆ ತೊಳೆಯುವಳು. ಇಬ್ಬರಿಗೂ ಬೇಜಾರಿರಲಿಲ್ಲ. ಅಪ್ಪನಿಗೆ ನುಂಗಲು ಕಷ್ಟವೆಂದು ಅವಳೇ ಅನ್ನವನ್ನು ಕಿವುಚಿ ಸೋಸಿ ತರುವಳು.

ಆರಾಧನೆ ನಮ್ಮ ಮನೆಯಿಂದ ಹೋಯಿತು. ಸಭೆಯಲ್ಲಿ ವಿಜಯಕುಮಾರ್ ಎಂಬುವರಿದ್ದರು, ಮಂಗಳೂರಿನವರು, ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತರು, ಚೆನ್ನಾಗಿ ಓದಿದವರು, ಪ್ರಸಂಗ ಮಾಡಬಲ್ಲವರು. ಅಪ್ಪ ಚೇತರಿಸಿಕೊಳ್ಳುವ ತನಕ ಅವರ ಫ್ಲಾಟಿನಲ್ಲೇ ಸೇರುವುದೆಂದಾಯಿತು. ಭಾನುವಾರ ನಾಲ್ಕು ಗಂಟೆಗೆ ನಮ್ಮ ಮಂಚ ಈಗ ಒಳಗೇ ಇರುತ್ತಿತ್ತು, ಅದರ ಮೇಲೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಮಾತಾಡಲು ನನ್ನ ಹಳೆಯ ಸ್ಲೇಟು ಕೊಟ್ಟಿದ್ದೆವು. ನೀರು, ಸಾಕು, ಬೇಡ, ಇಷ್ಟೇ ಬರೆಯುತ್ತಿದ್ದರು. ಪ್ರಾರ್ಥನೆ ಮಾಡೋಣವೇ ಎಂದು ಅಮ್ಮ ಕೇಳಿದರೆ ಕಣ್ಣು ಮುಚ್ಚುವರು. ದೇವರಿಗೆ ತನ್ನಿಂದ ಬೇಕಾಗಿದ್ದದ್ದು ಸ್ವರವೊಂದೇ, ಅದನ್ನೇ ಆತ ಹಿಂದೆ ತೆಗೆದುಕೊಂಡ ಎಂದು ಅವರಿಗೆ ಅನಿಸಿತ್ತಂತೆ. ಇದನ್ನು ಅವರು ಮುಂದೆ ಯಾವಾಗಲೋ ಬರೆದು ತೋರಿಸಿದರು.

ಅಂಥ ಒಂದು ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಬಳೆಯ ಸದ್ದಾಯಿತು. ಕಮಲವ್ವ ನಿಂತಿದ್ದರು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ನುಂಗಲಾರದ ಮನುಷ್ಯನಿಗೆ ರೊಟ್ಟಿ. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಪ್ಪ ಎದ್ದು ಕೂತರು. ಸ್ಲೇಟು ಹುಡುಕಿದರು, ಸಿಗಲಿಲ್ಲ, ಅದು ನನ್ನ ಕೈಯಲ್ಲಿತ್ತು, ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲವೆಂದು ಇವತ್ತಿಗೂ ಗೊತ್ತಿಲ್ಲ. ಕಮಲವ್ವ ನೆಲದ ಮೇಲೆ ಕೂತು, ಅಪ್ಪ ಏನೂ ಕೇಳದಿದ್ದರೂ, ತಮ್ಮ ಪಾಡಿಗೆ ಮಾತಾಡತೊಡಗಿದರು.

"ಮದ್ಲ ಬರಬೇಕಂತಿದ್ದೆ, ಆಗ್ಲಿಲ್ರೀ. ಠಾಣೇದಾಗಿನ ಮನಿಯವ್ರು ಐತವಾರ ಹೆಚ್ಚಿನ ಕೆಲಸ ಹಚ್ಚತಾರ. ಇವತ್ತೂ ಬ್ಲಾಕ್ ಐತಿ ನೋಡ್ರಿ, ಕಳವಾಕ್ಕ ಗಾಡಿ ನಿಲ್ಲಂಗಿಲ್ಲ. ಖಾಡಿ ಮ್ಯಾಲಿನ ಪೂಲ್ ಹಿಡದು ನಡಕೋತ ಬಂದೆ. ಬಿಸಲಾಗ ಒಂದ್ ತಾಸ್ ಹಿಡೀತು."

ಅಪ್ಪ ಅವರನ್ನೇ ನೋಡುತ್ತಿದ್ದರು.

"ಅಲ್ಲಾ, ನೀವೇನ್ ಚಿಂತೀ ಮಾಡಬ್ಯಾಡ್ರಿ. ನಡದ್ರ ನನಗೇನೂ ಆಗೂದಿಲ್ಲ. ಬ್ಲಾಕ್ ಇದ್ದ ಐತವಾರೆಲ್ಲಾ ನಾ ನಡದ ಬರ್ತಿದ್ದೆ. ತಡಾ ಆಗೂದು ಅದಕ್ಕ."

ಭಾನುವಾರದ ಬ್ಲಾಕ್ ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಳಿಯ ದುರಸ್ತಿಗೆಂದು ನಿಧಾನ ಗಾಡಿಗಳನ್ನೆಲ್ಲ ವೇಗದ ಗಾಡಿಗಳ ಸುರಂಗದ ದಾರಿಗೆ ಹಾಕುತ್ತಾರೆ. ಆ ಗಾಡಿಗಳು ಕಳವಾದಲ್ಲೂ ನಿಲ್ಲುವುದಿಲ್ಲ, ಮುಂಬ್ರಾದಲ್ಲೂ ನಿಲ್ಲುವುದಿಲ್ಲ. ಠಾಣೆಯಿಂದ ಬರುವವರು ನಡುವಿನ ಖಾಡಿಯ, ಅಂದರೆ ಹಿನ್ನೀರಿನ, ಸೇತುವೆ ದಾಟಿ ನಡೆದೇ ಬರಬೇಕು. ಯಾವ ಭಾನುವಾರ ಬ್ಲಾಕ್ ಎಂಬ ಕಾಗದ ಎರಡು ದಿನ ಮುಂಚೆಯೇ ಕಾರ್‌ಶೆಡ್ಡಿನ ಬೋರ್ಡಿಗೆ ಬರುತ್ತಿತ್ತು. ಅದನ್ನು ಓದಿಕೊಂಡು ಬಂದು ಚಾಳಿನವರಿಗೆಲ್ಲ ತಿಳಿಸುತ್ತಿದ್ದವರು ಅಪ್ಪನೇ. ಗಿರಿಜಕ್ಕನ ಗಂಡ ಅದರ ಮೇಲೆಯೇ ತಮ್ಮ ಡ್ಯೂಟಿ ಹೊಂದಿಸಿಕೊಳ್ಳುತ್ತಿದ್ದರು. ಊರಿಗೆಲ್ಲ ತಿಳಿಸಿದ ಮನುಷ್ಯ ತನ್ನ ಸಭೆಯ ಒಬ್ಬ ಹೆಂಗಸು ಆ ದಿನ ಹೇಗೆ ಬರುತ್ತಾಳೆಂದು ಯೋಚಿಸಿರಲಿಲ್ಲ.

ಅಪ್ಪ ಕೈ ಚಾಚಿದರು. ಈ ಸಲ ಸ್ಲೇಟು ಕೊಟ್ಟೆ. "ಯಾಕೆ ಹೇಳಲಿಲ್ಲ?" ಎಂದು ಬರೆದರು. ಕಮಲವ್ವನಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ.

"ನೀವು ಕೇಳ್ಲಿಲ್ಲಲ್ರೀ" ಎಂದರು ಅವರು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅದೇ ಕಾರಣವಾಗಿತ್ತು.

ಆಮೇಲೆ ಮಗನ ಮದುವೆಯ ವಿಷಯ, ಮುಂಬ್ರಾದ ಗುಡ್ಡದಿಂದ ಮಳೆನೀರು ಖೋಲಿಗೆ ಇಳಿಯುವ ವಿಷಯ, ಊರಿನಲ್ಲಿರುವ ತಾಯಿಯ ಕಣ್ಣಿನ ವಿಷಯ, ಹೀಗೆ ಎಷ್ಟೋ ಹೇಳಿದರು. ಅಪ್ಪ ಒಬ್ಬರ ಮಾತನ್ನು ನಡುವೆ ತಡೆಯದೆ ಅಷ್ಟು ಹೊತ್ತು ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ತಡೆಯಲು ಅವರಲ್ಲಿ ಏನೂ ಉಳಿದಿರಲಿಲ್ಲ ಎಂಬುದೂ ನಿಜ. ಆದರೆ ಕಮಲವ್ವ ಹೊರಟಾಗ ಬಾಗಿಲ ತನಕ ಎದ್ದು ಹೋದರು. ಅದಕ್ಕೆ ಯಾರ ಒತ್ತಾಯವೂ ಇರಲಿಲ್ಲ.

ಮರುದಿನದಿಂದ ಅಪ್ಪ ಬರೆಯತೊಡಗಿದರು. ಸ್ಲೇಟಿನ ಮೇಲಲ್ಲ, ನನ್ನ ನೋಟುಪುಸ್ತಕದ ಹಾಳೆಗಳ ಮೇಲೆ. ಬರೆದು ಹರಿಯುವರು, ಮತ್ತೆ ಬರೆಯುವರು. ಒಂದು ವಾರ ಹೀಗೇ ನಡೆಯಿತು. ಶನಿವಾರ ವಿಜಯಕುಮಾರರನ್ನು ಕರೆಸಿ ತೋರಿಸಿದರು. ಮಾರನೆಯ ದಿನ ಆರಾಧನೆ ನಮ್ಮ ಮನೆಯಲ್ಲೇ ಆಗಬೇಕು, ಬಿಟ್ಟುಹೋದವರನ್ನೂ ಕರೆಯಬೇಕು, ಈ ಪತ್ರವನ್ನು ಎಲ್ಲರ ಮುಂದೆ ಓದಬೇಕು ಎಂಬುದು ಅಪ್ಪನ ಬೇಡಿಕೆ. ವಿಜಯಕುಮಾರ್ ಓದಿ ಕಾಗದವನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡರು.

"ಹಿರಿಯರೇ, ಕಮಲವ್ವನ ಮನೆಗೆ ಹೋಗಿ ಹೇಳಿದ್ರೆ ಸಾಕಲ್ವಾ? ಎಲ್ಲರ ಎದುರು ಹೀಗೆ ಓದಿಸಿದ್ರೆ ನಾಳೆ ಯಾವ ಹಿರಿಯನಿಗೂ ಬೆಲೆ ಇರುವುದಿಲ್ಲ. ನಾನು ಓದುವುದಿಲ್ಲ, ಕ್ಷಮಿಸಿ."

ಅಪ್ಪ ಸ್ಲೇಟಿನಲ್ಲಿ ಬರೆದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಅವಮಾನ ಮಾಡಿದ್ದು ಮನೆಯಲ್ಲಿ ಅಲ್ಲ, ಸಭೆಯಲ್ಲಿ." ಆಮೇಲೆ ನನ್ನ ಕಡೆ ನೋಡಿ ಬೆರಳು ತೋರಿಸಿದರು. ಓದುವುದು ನಾನು ಎಂದು.

"ಮಗುವಿನ ಬಾಯಲ್ಲಿ ಯಾಕೆ? ನಾನು ಓದ್ತೇನೆ" ಎಂದಳು ಅಮ್ಮ.

ಅಪ್ಪ ಬೇಡವೆಂದು ತಲೆಯಾಡಿಸಿದರು. ಅಮ್ಮ ಆ ನೀರುದೋಸೆಯ ಬೆಳಿಗ್ಗೆಯೇ ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ಆಗ ತಾನು ಕೇಳಲಿಲ್ಲ, ಈಗ ತನ್ನ ತಪ್ಪನ್ನು ಅವಳ ಬಾಯಿಂದ ಹೇಳಿಸುವುದು ನ್ಯಾಯವಲ್ಲ ಎಂದು ಬರೆದರು. ನನಗೆ ಅದು ಅರ್ಥವಾಗಲಿಲ್ಲ. ನನಗೆ ಬಂದದ್ದು ಸಿಟ್ಟು. ಅಪ್ಪ ಸೋತವರ ಹಾಗೆ ಕಾಣುವುದು ನನಗೆ ಬೇಡವಾಗಿತ್ತು, ಅದರಲ್ಲೂ ನನ್ನ ಬಾಯಿಂದ.

ಭಾನುವಾರ ಕೋಣೆ ತುಂಬಿತು. ಅಮ್ಮನೂ ಗಿರಿಜಕ್ಕನೂ ಸೇರಿ ಮಂಚ ಹೊರಗಿಟ್ಟಿದ್ದರು. ಕಮಲವ್ವ ಬಾಗಿಲ ಪಕ್ಕದಲ್ಲೇ ಕೂತಿದ್ದರು. ವಿಜಯಕುಮಾರ್ ಪ್ರಾರ್ಥನೆ ಮಾಡಿ ಕೂತ ಮೇಲೆ ನಾನು ಮೇಜಿನ ಬಳಿ ನಿಂತೆ. ಅಪ್ಪ ನನ್ನ ಎಡಕ್ಕೆ ಕುರ್ಚಿಯಲ್ಲಿದ್ದರು. ಓದಿದೆ:

"ಸಭೆಯವರಿಗೆ ವಂದನೆ. ಕಮಲವ್ವನವರನ್ನು ಕರ್ತನ ಮೇಜಿನಿಂದ ನಾನು ತಡೆದೆ. ಆ ಅಧಿಕಾರ ನನಗಿರಲಿಲ್ಲ, ಮೇಜು ನನ್ನದಲ್ಲ. ಅವರು ಯಾಕೆ ತಡವಾಗಿ ಬರುತ್ತಾರೆಂದು ಕೇಳಬಹುದಿತ್ತು, ಕೇಳಲಿಲ್ಲ. ಬ್ಲಾಕಿನ ವಿಷಯ ನಿಮ್ಮೆಲ್ಲರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು. ಆ ದಿನ ಪಾಲಕರ ಎದುರು ನನ್ನ ಶಿಸ್ತನ್ನು ತೋರಿಸಬೇಕೆಂಬ ಆಸೆ ನನಗಿತ್ತು."

ಮುಂದಿನ ಸಾಲು ಕಣ್ಣಿಗೆ ಬಿತ್ತು. ಎದುರಿಗೆ ಕೂತಿದ್ದ ನಮ್ಮ ಕಡೆಯವರ ಮುಖಗಳು ಕಂಡವು. ಆ ಸಾಲನ್ನು ಬಿಟ್ಟು ಅದರ ಕೆಳಗಿನದನ್ನು ಓದಿದೆ. ಅಪ್ಪ ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು. ನಾನು ಕೇಳಿಸದ ಹಾಗೆ ಮುಂದುವರಿಸಿದೆ. ಅವರು ಎದ್ದು ನಿಂತು, ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಬಿಟ್ಟ ಸಾಲಿಗೆ ಬೆರಳಿಟ್ಟರು. ಓದುವ ತನಕ ಎತ್ತಲಿಲ್ಲ. ನಾನು ಓದಿದೆ:

"ಕಮಲವ್ವನವರು ನಮ್ಮ ಕಡೆಯವರಾಗಿದ್ದರೆ, ಮನೆಗೆಲಸದವರಲ್ಲದೆ ಆಫೀಸಿನವರಾಗಿದ್ದರೆ, ನಾನು ಹಾಗೆ ಹೇಳುತ್ತಿರಲಿಲ್ಲ. ಇದು ನನಗೆ ಗೊತ್ತು. ದೇವರಿಗೂ ಗೊತ್ತು."

ಅಪ್ಪ ಬೆರಳು ತೆಗೆದು ಕೂತರು. ನನಗೆ ಕೆಮ್ಮು ಹತ್ತಿತು. ಕ್ಷಮೆ ಕೇಳಿದ ಮಾತು, ಹಿರಿಯನ ಸ್ಥಾನವನ್ನು ಇವತ್ತಿಗೆ ಬಿಡುತ್ತೇನೆಂಬ ಮಾತು ಇನ್ನೂ ಉಳಿದಿತ್ತು. ಹೇಗೋ ಓದಿ ಮುಗಿಸಿದೆ. ಮೊದಲು ಮಾತಾಡಿದವರು ಕಮಲವ್ವ.

"ಮದ್ಲ ಆ ಕೂಸಿಗಿ ನೀರ ಕೊಡ್ರಿ."

ಅಮ್ಮ ಪರದೆ ಸರಿಸಿ ನೀರು ತಂದಳು. ನಾನು ಕುಡಿಯುವ ತನಕ ಎಲ್ಲರೂ ಕಾದರು. ವಿಜಯಕುಮಾರ್ ಎದ್ದು, ಹಿರಿಯರಿಗೆ ಮೈ ಚೆನ್ನಾಗಿಲ್ಲ, ಅವರ ಮಾತಿನಂತೆ ವಿಶ್ರಾಂತಿ ಕೊಡುವುದೇ ಒಳ್ಳೆಯದು ಎಂದರು. ಅವರು ಕೆಟ್ಟವರಲ್ಲ, ಅವರಿಗೆ ಅದು ಸರಿಯಾಗಿಯೇ ಕಂಡಿರಬೇಕು. ಕಮಲವ್ವ ಕೂತಲ್ಲಿಂದಲೇ ಹೇಳಿದರು.

"ಪ್ರಸಂಗ ನೀವ್ ಮಾಡ್ರಿ ಅಣ್ಣಾರ, ಚಲೋ ಮಾಡ್ತೀರಿ. ಹಿರಿಯಾರು ಮಾತ್ರ ಅವ್ರ ಇರ್ಲಿ. ನಂದ್ ತಪ್ಪಾತು ಅಂತ ಹೇಳೂ ಹಿರಿಯಾರು ನಮಗ ಮತ್ತ ಎಲ್ಲಿ ಸಿಗಬೇಕು?"

ಹಾಗೆಯೇ ಆಯಿತು. ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಬಿಟ್ಟುಹೋದವರಲ್ಲಿ ಎರಡು ಮನೆಯವರು ಮತ್ತೆ ಬರಲೇ ಇಲ್ಲ. ನಮ್ಮ ಕಡೆಯ ಒಂದು ಕುಟುಂಬ ಆ ಸಾಲಿನಿಂದ ನೊಂದುಕೊಂಡು ದೂರವಾಯಿತು. ಎರಡು ವರ್ಷಗಳ ನಂತರ ವಿಜಯಕುಮಾರ್ ಡೊಂಬಿವಲಿಗೆ ಮನೆ ಬದಲಿಸಿ ಅಲ್ಲೇ ಬೇರೆ ಸಭೆ ಶುರುಮಾಡಿದರು. ಅಪ್ಪನ ಸಿಟ್ಟೂ ಪೂರ್ತಿ ಹೋಗಲಿಲ್ಲ, ಸ್ಲೇಟು ಒಡೆಯುವ ಹಾಗೆ ಬಳಪ ಒತ್ತಿ ಬರೆಯುತ್ತಿದ್ದ ದಿನಗಳಿದ್ದವು. ಆದರೆ ಆರಾಧನೆ ಐದು ಗಂಟೆಗೆ ಸರಿಯಿತು. ಹಸಿರು ಪರದೆಯನ್ನು ಅಮ್ಮನೇ ಬಿಚ್ಚಿ ಒಳಗಿಟ್ಟು, ಮುಂದಿನ ಕೋಣೆಯಲ್ಲಿ ಎಲ್ಲರೊಡನೆ ಕೂರತೊಡಗಿದಳು. ಚಹಾ ಹತ್ತು ನಿಮಿಷ ತಡವಾದರೆ ಯಾರಿಗೂ ಏನೂ ಆಗಲಿಲ್ಲ. ಪಾಲಕರು ಮುಂದಿನ ಸಲ ಬಂದಾಗ ಐದಾಗಿ ಹತ್ತು ನಿಮಿಷವಾಗಿತ್ತು, ಕಮಲವ್ವ ಇನ್ನೂ ಬಂದಿರಲಿಲ್ಲ. ಪಾಲಕರು ಗಡಿಯಾರ ನೋಡಿದರು. ಅಪ್ಪ ಬಾಗಿಲು ನೋಡುತ್ತಿದ್ದರು. ಕಮಲವ್ವ ಬಂದು ಕೂತ ಮೇಲೆ ಅಪ್ಪ ತಲೆಯಾಡಿಸಿದರು, ಆರಾಧನೆ ಶುರುವಾಯಿತು.

ಪ್ರಸಂಗವಿಲ್ಲದ ಅಪ್ಪನಿಗೆ ವಾರವೆಲ್ಲ ಹೊತ್ತು ಸಿಕ್ಕಿತು. ಶೆಡ್ಡಿನಿಂದ ಬಂದು ಕೈಕಾಲು ತೊಳೆದು ಯಾರದಾದರೂ ಮನೆಗೆ ಹೊರಡುವರು. ಎಷ್ಟೋ ಸಲ ನಾನೂ ಜೊತೆಗಿದ್ದೆ. ಮುಂಬ್ರಾದ ಖೋಲಿಗಳು, ಠಾಣೆಯ ಕಟ್ಟಡಗಳ ಕೆಳಗೆ ತಗಡು ಹೊದಿಸಿದ ಮನೆಗಳು, ಕಲ್ಯಾಣದಲ್ಲಿ ಹೊಸದಾಗಿ ಬಂದಿಳಿದ ಒಂದು ಸಂಸಾರ. ಅಪ್ಪ ಕೂತು ಕೇಳುವರು. ಕೇಳಿದ್ದನ್ನು ನೆನಪಿಟ್ಟುಕೊಳ್ಳುವರು. ಮುಂದಿನ ಭೇಟಿಯಲ್ಲಿ ಸ್ಲೇಟಿನಲ್ಲಿ "ತಾಯಿಯ ಕಣ್ಣು ಹೇಗಿದೆ?" ಎಂದು ಬರೆದರೆ ಎದುರಿನವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಆ ದಾರಿಗಳಲ್ಲಿ ಅಪ್ಪನ ಪಕ್ಕ ನಡೆಯುತ್ತಾ ನಾನು ಕಲಿತದ್ದೇ ನನಗೆ ಮುಂದೆ ಉಪಯೋಗಕ್ಕೆ ಬಂದದ್ದು, ಶಾಲೆಯಲ್ಲಿ ಟೀಚರಾದಾಗ, ಆಮೇಲೆ ಸಭೆಯವರು ನನ್ನನ್ನೇ ಹಿರಿಯಳನ್ನಾಗಿ ಆರಿಸಿದಾಗ. ಈಚೆಗೆ ನವಿ ಮುಂಬೈಯ ಯುವಕ ಯುವತಿಯರು, ಕನ್ನಡ ಅರ್ಥವಾದರೂ ಮರಾಠಿಯಲ್ಲಿ ಉತ್ತರ ಕೊಡುವ ಮಕ್ಕಳು, ಸಭೆಯನ್ನು ನಡೆಸುವವರಿಗೆ ಯಾವ ಯಾವ ಗುಣಗಳಿರಬೇಕೆಂದು ಮಾತಾಡಲು ನನ್ನನ್ನು ಕರೆದರು. ಪಟ್ಟಿ ಮಾಡಲು ಕೂತೆ. ತಾಳ್ಮೆ, ದೀನತೆ ಎಂದು ಬರೆದೆ. ಬರೆದದ್ದು ಒಣಗಿದಂತೆ ಕಂಡಿತು. ಕೊನೆಗೆ ಅವರಿಗೆ ಆ ಬಿಟ್ಟ ಸಾಲಿನ ಕತೆ ಹೇಳಿದೆ. ಅಪ್ಪನಿಗೆ ಸ್ವರವಿದ್ದಿದ್ದರೆ ಆ ಸಾಲನ್ನು ಅವರೇ ಓದುತ್ತಿದ್ದರೇ ಎಂದು ಒಬ್ಬಳು ಕೇಳಿದಳು. ಗೊತ್ತಿಲ್ಲವೆಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ನಾನು ಆ ಮನೆಯಲ್ಲೇ ಕಲಿತದ್ದು.

ಅಪ್ಪ ತೀರಿಕೊಂಡದ್ದು ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದಲ್ಲೇ. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಅದೇ ಮುಂದಿನ ಕೋಣೆಯಲ್ಲಿ ಕೂತೆವು, ಒಳಗೆ ಜಾಗ ಸಾಲದವರು ಗ್ಯಾಲರಿಯಲ್ಲಿ ನಿಂತರು. ಹೊಸ ಪಾಲಕರಿಗೆ ಅಪ್ಪನನ್ನು ಅಷ್ಟಾಗಿ ಗೊತ್ತಿರಲಿಲ್ಲ. ಹಿರಿಯರ ಯಾವ ಮಾತು ನಿಮ್ಮ ಮನಸ್ಸಿನಲ್ಲಿ ಉಳಿದಿದೆ, ಒಬ್ಬೊಬ್ಬರೂ ಹೇಳಿ ಎಂದರು. ವರ್ಷಗಟ್ಟಲೆ ಅಪ್ಪ ಗುಡುಗಿದ ಪ್ರಸಂಗಗಳಲ್ಲಿ ಒಂದು ವಾಕ್ಯವೂ ಯಾರಿಗೂ ನೆನಪಿರಲಿಲ್ಲ, ನನಗೂ ಕೂಡ. ಆಮೇಲೆ ಒಬ್ಬರು, ನನ್ನ ಮಗ ಹೋದಾಗ ಮೂರು ದಿನ ಬಂದು ಕೂತಿದ್ದರು ಎಂದರು. ಇನ್ನೊಬ್ಬರು, ನಾನು ಕುಡಿತ ಬಿಡುವ ಮುಂಚೆಯೂ ಬರುತ್ತಿದ್ದರು, ಬಿಟ್ಟ ಮೇಲೂ ಬರುತ್ತಿದ್ದರು ಎಂದರು. ಡೊಂಬಿವಲಿಯಿಂದ ಬಂದಿದ್ದ ವಿಜಯಕುಮಾರ್, ಆ ಪತ್ರವನ್ನು ನಾನೇ ಓದಬೇಕಾಗಿತ್ತು ಎಂದಷ್ಟೇ ಹೇಳಿ ಕೂತರು. ಕಮಲವ್ವ ಅಮ್ಮನ ಕೈ ಹಿಡಿದುಕೊಂಡು ಚಾಪೆಯ ಮೇಲೆ ಕೂತಿದ್ದರು.

ಎಲ್ಲರದೂ ಆಯಿತು ಎಂದುಕೊಂಡಾಗ ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ಪಾಲಕರನ್ನು ಕೇಳಿದಳು.

"ನಾನು ಹೇಳಬಹುದಾ? ನಾನು ನಿಮ್ಮವಳಲ್ಲ."

"ಹೇಳಿ ಅಮ್ಮ" ಎಂದರು ಅವರು.

"ಮಧ್ಯೆ ಒಂದು ಗೋಡೆ ಅಷ್ಟೆ ನಮಗೆ. ಇವರ ಪ್ರಸಂಗ ಅಷ್ಟು ವರ್ಷ ನಾನು ಮನೆಯೊಳಗೇ ಕೂತು ಕೇಳಿದ್ದೇನೆ, ಬೇಕಾದ್ರೂ ಬೇಡದಿದ್ರೂ. ಆವಾಗ ಒಂದು ದಿನವೂ ಇಲ್ಲಿ ಬಂದು ನನ್ನ ಕಷ್ಟ ಹೇಳುವ ಅಂತ ಅನಿಸಿದ್ದಿಲ್ಲ. ಸ್ವರ ಹೋದ ಮೇಲೆ ಬಂದೆ. ನನ್ನ ಗಂಡನಿಗೆ ಕೆಲಸ ಹೋದದ್ದು, ಮಗಳ ಸಂಸಾರ ಮುರಿದದ್ದು, ಎಲ್ಲ ಮೊದಲು ಹೇಳಿದ್ದು ಇವರ ಹತ್ತಿರ. ನೀನು ನಿನ್ನ ದೇವರನ್ನು ಬಿಟ್ಟು ಬಾ ಅಂತ ಒಂದು ದಿನ ಬರೆದು ತೋರಿಸಿದ್ದಿಲ್ಲ. ಹಾಗಾಗಿ ಹೇಳುವುದು, ಇವರು ನನಗೂ ಹಿರಿಯರೇ."

ಅವಳ ಮಾತು ಮುಗಿದ ಮೇಲೆ ಪಾಲಕರು ಪ್ರಾರ್ಥನೆಗೆ ಎದ್ದರು. ಅಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಗಿರಿಜಕ್ಕನಿಗೆ ಜಾಗ ಮಾಡಿಕೊಟ್ಟಳು.